ಹೆರ್ಬ್ಸ್ಟ್‌ಮೈಸ್ಟರ್: ಅಕ್ಟೋಬರ್‌ನಲ್ಲಿ ಯಾರೂ ಆಗುವುದಿಲ್ಲ

ಪ್ರತಿ ವರ್ಷ ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಇದು ಶುರುವಾಗುತ್ತದೆ. ಜರ್ಮನಿಯ ಫುಟ್‌ಬಾಲ್ ಲೀಗ್ ಬುಂಡೆಸ್‌ಲೀಗಾದಲ್ಲಿ ಯಾವುದೋ ತಂಡ ಮೊದಲ ಐದಾರು ಪಂದ್ಯ ಸಾಲಾಗಿ ಗೆಲ್ಲುತ್ತದೆ, ಪಾಯಿಂಟ್ ಪಟ್ಟಿಯ ತುದಿಗೆ ಹೋಗಿ ಕೂರುತ್ತದೆ, ಅಷ್ಟರಲ್ಲೇ ಅದರ ಅಭಿಮಾನಿಗಳು 'ಈ ಸಲದ ಹೆರ್ಬ್ಸ್ಟ್‌ಮೈಸ್ಟರ್ ನಾವೇ' ಎಂದು, ಅಂದರೆ ಅರ್ಧದಾರಿಯ ಚಾಂಪಿಯನ್ ನಾವೇ ಎಂದು, ಬರೆಯತೊಡಗುತ್ತಾರೆ. ಅವರ ಖುಷಿಗೆ ನನ್ನ ತಕರಾರಿಲ್ಲ. ಮೆಚ್ಚಿನ ತಂಡ ಸೀಸನ್ ಶುರುವಿನಲ್ಲೇ ಹೀಗೆ ಆಡಿದರೆ ಯಾರಿಗೆ ಖುಷಿಯಾಗಲ್ಲ? ತಕರಾರು ಪದದ ಬಗ್ಗೆ. ಆರು ಪಂದ್ಯ ಗೆದ್ದರೂ ಅಷ್ಟೇ, ಹತ್ತು ಗೆದ್ದರೂ ಅಷ್ಟೇ, ಆ ಹೆಸರು ಆಗಲೇ ಸಿಗುವುದಿಲ್ಲ.

ಲೀಗಿನಲ್ಲಿ 18 ತಂಡಗಳಿವೆ, ಒಂದೊಂದಕ್ಕೂ 34 ಪಂದ್ಯ. ಮೊದಲ 17 ಪಂದ್ಯಗಳಲ್ಲಿ ಪ್ರತಿ ತಂಡವೂ ಉಳಿದ 17 ತಂಡಗಳನ್ನು ಒಂದೊಂದು ಸಲ ಎದುರಿಸುತ್ತದೆ. ಇದಕ್ಕೆ ಹಿನ್‌ರುಂಡೆ ಎನ್ನುತ್ತಾರೆ. ಮೈದಾನ ಅದಲು ಬದಲಾಗಿ ಮತ್ತೆ ಅದೇ 17 ತಂಡಗಳನ್ನು ಎದುರಿಸುವುದು ರ್ಯೂಕ್‌ರುಂಡೆ. ಹಿನ್‌ರುಂಡೆಯ ಕೊನೆಯ ಪಂದ್ಯ ಮುಗಿದಾಗ ಪಟ್ಟಿಯಲ್ಲಿ ಮೊದಲಿರುವ ತಂಡವೇ ಹೆರ್ಬ್ಸ್ಟ್‌ಮೈಸ್ಟರ್. ಅದಕ್ಕೆ ಕಪ್ ಇಲ್ಲ, ಪದಕ ಇಲ್ಲ, ಲೀಗಿನ ನಿಯಮದಲ್ಲಿ ಒಂದು ಸಾಲೂ ಇಲ್ಲ. ಆದರೂ ಅದಕ್ಕೆ ಗಟ್ಟಿಯಾದ ಒಂದು ಅರ್ಥವಿದೆ: ಈ ತಂಡ ಎಲ್ಲರನ್ನೂ ಒಂದು ಸಲ ಎದುರಿಸಿದೆ, ಎದುರಿಸಿ ಮೇಲಿದೆ. ಅಕ್ಟೋಬರ್‌ನಲ್ಲಿ ಮೇಲಿರುವ ತಂಡದ ಬಗ್ಗೆ ಈ ಮಾತು ಹೇಳಲು ಬರುವುದಿಲ್ಲ. ಅದು ಇನ್ನೂ ಎಷ್ಟೋ ತಂಡಗಳ ಮುಖವನ್ನೇ ನೋಡಿರುವುದಿಲ್ಲ.

ಗೊಂದಲಕ್ಕೆ ಮೂಲ ಪದದ ಮೊದಲ ಅರ್ಧದಲ್ಲಿದೆ. ಇಂದಿನ ಜರ್ಮನ್‌ನಲ್ಲಿ ಹೆರ್ಬ್ಸ್ಟ್ ಎಂದರೆ ಎಲೆ ಉದುರುವ ಕಾಲ. ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್ ಮೂರನೇ ವಾರದವರೆಗೆ. ಹಾಗಾಗಿ 'ಈಗ ಆ ಕಾಲ, ಈಗ ನಾವು ಮೇಲಿದ್ದೇವೆ, ಅಂದರೆ ನಾವೇ ಹೆರ್ಬ್ಸ್ಟ್‌ಮೈಸ್ಟರ್' ಎಂಬ ತರ್ಕ ಹುಟ್ಟುತ್ತದೆ. ಮೇಲ್ನೋಟಕ್ಕೆ ಸರಿಯಾಗೇ ಕಾಣುತ್ತದೆ. ಆದರೆ ಆ ಪದ ಹುಟ್ಟಿದ್ದು ಋತುವಿನ ಹೆಸರಾಗಿ ಅಲ್ಲ. ಹಳೆಯ ಜರ್ಮನ್‌ನ ಹೆರ್ಬಿಸ್ಟ್ ಎಂದರೆ ಕೊಯ್ಲು. ಇಂಗ್ಲಿಷಿನ ಹಾರ್ವೆಸ್ಟ್ ಇದರ ಒಡಹುಟ್ಟು, ಕೀಳುವುದು ಎಂಬ ಅರ್ಥದ ಲ್ಯಾಟಿನ್‌ನ ಕಾರ್ಪೆರೆ ದೂರದ ನೆಂಟ. ಜರ್ಮನಿಯ ನೈಋತ್ಯದ ದ್ರಾಕ್ಷಿ ಸೀಮೆಯಲ್ಲಿ ಹೆರ್ಬ್ಸ್ಟನ್ ಎಂಬ ಕ್ರಿಯಾಪದ ಇವತ್ತಿಗೂ ಬಳಕೆಯಲ್ಲಿದೆ, ದ್ರಾಕ್ಷಿ ಕೊಯ್ಯುವುದು ಎಂದು ಅದರ ಅರ್ಥ. ನಮ್ಮಲ್ಲಿ ಇದಕ್ಕೆ ತೀರಾ ಹತ್ತಿರದ ಪದ ಸುಗ್ಗಿ. ಸುಗ್ಗಿಯೂ ಹಾಗೇ ಅಲ್ವಾ, ಕೆಲಸದ ಹೆಸರೂ ಹೌದು, ಕಾಲದ ಹೆಸರೂ ಹೌದು. ಹೊಲದಲ್ಲಿ ಬೆಳೆ ಎದೆ ಮಟ್ಟ ನಿಂತಿದೆ ಅಂದ ಮಾತ್ರಕ್ಕೆ ಯಾರೂ ಸುಗ್ಗಿ ಆಯಿತು ಎನ್ನುವುದಿಲ್ಲ, ಕೊಯ್ದು ಕಣಕ್ಕೆ ತಂದ ಮೇಲೆ ಎನ್ನುತ್ತಾರೆ. ಹೆರ್ಬ್ಸ್ಟ್‌ಮೈಸ್ಟರ್ ಪದವನ್ನೂ ಹಾಗೆ ಓದಿಕೊಂಡರೆ ತಪ್ಪು ತಾನಾಗೇ ತಿದ್ದಿಕೊಳ್ಳುತ್ತದೆ.

ಇನ್ನು ಮೈಸ್ಟರ್. ಈ ಪದ ನಮಗೆ ಅಂದುಕೊಂಡಷ್ಟು ಪರಕೀಯವಲ್ಲ. ಇದರ ಮೂಲ ಲ್ಯಾಟಿನ್‌ನ ಮಾಗಿಸ್ಟರ್. ಅದೇ ಮಾಗಿಸ್ಟರ್ ಇಂಗ್ಲಿಷಿನಲ್ಲಿ ಮಾಸ್ಟರ್ ಆಗಿ, ನಮ್ಮ ಶಾಲೆಗೆ ಬಂದು ಮೇಷ್ಟ್ರು ಆಯಿತು. ಪೋರ್ಚುಗೀಸರ ಬಾಯಲ್ಲಿ ಮೆಸ್ತ್ರೆ ಆಗಿ, ನಮ್ಮ ಕರಾವಳಿಗೆ ಇಳಿದು ಮೇಸ್ತ್ರಿ ಆಯಿತು. ಜರ್ಮನ್ ಮೈಸ್ಟರ್‌ನ ಹಳೆಯ ಅರ್ಥ ಈ ಎರಡನೆಯದಕ್ಕೇ ಹತ್ತಿರ. ಬೇಕರಿಯವನಿರಲಿ, ಬಡಗಿಯಿರಲಿ, ಕಲಿಕೆ ಮುಗಿಸಿ, ಇನ್ನೊಬ್ಬರ ಕೈಕೆಳಗೆ ದುಡಿದು, ಪರೀಕ್ಷೆ ಕಟ್ಟಿ ಪಾಸಾದ ಮೇಲೆ ಮೈಸ್ಟರ್ ಎನಿಸಿಕೊಳ್ಳುತ್ತಾನೆ. ಆಗ ಒಂದು ಪ್ರಮಾಣಪತ್ರ ಕೈಗೆ ಬರುತ್ತದೆ. ಹಲವು ಕಸುಬುಗಳಲ್ಲಿ ಆ ಪತ್ರವಿಲ್ಲದೆ ಸ್ವಂತ ಅಂಗಡಿ ತೆರೆಯುವುದೇ ಕಷ್ಟ. ಆಟದಲ್ಲೂ ಈ ಪದಕ್ಕೆ ಅದೇ ತೂಕ. ಲೀಗ್ ಗೆದ್ದ ತಂಡ ಡಾಯ್ಚರ್ ಮೈಸ್ಟರ್, ಅಂದರೆ ಜರ್ಮನಿಯ ಚಾಂಪಿಯನ್. ವಿಶ್ವಕಪ್ ಗೆದ್ದರೆ ವೆಲ್ಟ್‌ಮೈಸ್ಟರ್. ಚಾಂಪಿಯನ್ ತಂಡಕ್ಕೆ ಕೊಡುವ ಬೆಳ್ಳಿ ತಟ್ಟೆಯ ಹೆಸರು ಮೈಸ್ಟರ್‌ಶಾಲೆ. 1903ರಲ್ಲಿ ಮೊದಲು ಗೆದ್ದ ವಿಎಫ್‌ಬಿ ಲೈಪ್‌ಜಿಗ್‌ನಿಂದ ಹಿಡಿದು ಗೆದ್ದ ತಂಡಗಳ ಹೆಸರನ್ನೆಲ್ಲ ಅದರ ಮೇಲೆ ಕೆತ್ತಿದ್ದಾರೆ. ಹೆರ್ಬ್ಸ್ಟ್‌ಮೈಸ್ಟರ್‌ಗಳ ಹೆಸರು ಅದರಲ್ಲಿಲ್ಲ.

ಮೈಸ್ಟರ್ ಜೊತೆ ಕಟ್ಟಿದ ಪದಗಳಲ್ಲಿ ನೋವಿನವೂ ಇವೆ. 2001ರ ಮೇ 19ರಂದು, ಸೀಸನ್‌ನ ಕೊನೆಯ ದಿನ, ಶಾಲ್ಕೆ ತಂಡ ತನ್ನ ಪಂದ್ಯ ಗೆದ್ದು, ತಾನೇ ಚಾಂಪಿಯನ್ ಎಂದು ನಂಬಿ ಮೈದಾನದಲ್ಲಿ ಕುಣಿಯುತ್ತಿತ್ತು. ಅತ್ತ ಹ್ಯಾಂಬರ್ಗ್‌ನಲ್ಲಿ ಹೆಚ್ಚುವರಿ ಸಮಯದಲ್ಲಿ ಬಾಯರ್ನ್ ಮ್ಯೂನಿಕ್ ತಂಡದ ಪ್ಯಾಟ್ರಿಕ್ ಆಂಡರ್ಸನ್ ಫ್ರೀಕಿಕ್‌ನಿಂದ ಗೋಲು ಹೊಡೆದ. ಪ್ರಶಸ್ತಿ ಬಾಯರ್ನ್‌ಗೆ ಹೋಯಿತು. ಶಾಲ್ಕೆಗೆ ಉಳಿದದ್ದು ಮೈಸ್ಟರ್ ಡೆರ್ ಹೆರ್ಟ್ಸನ್, ಹೃದಯಗಳ ಚಾಂಪಿಯನ್, ಎಂಬ ಹೆಸರು.

ಇಟಲಿಯವರು, ಸ್ಪೇನಿನವರು ಇದೇ ಅರ್ಧದಾರಿಯ ಗೌರವಕ್ಕೆ ಚಳಿಗಾಲದ ಚಾಂಪಿಯನ್ ಎನ್ನುತ್ತಾರೆ. ಈಚಿನ ವರ್ಷಗಳ ಕ್ಯಾಲೆಂಡರ್ ನೋಡಿದರೆ ಜರ್ಮನರೂ ಹಾಗೇ ಅನ್ನಬೇಕಿತ್ತು. ಮೊದಲೆಲ್ಲ ಹಿನ್‌ರುಂಡೆ ಡಿಸೆಂಬರ್‌ನಲ್ಲೇ ಮುಗಿಯುತ್ತಿತ್ತು, ಈಗ ಬಹಳ ಸಲ 17ನೇ ಸುತ್ತು ಜನವರಿಗೆ ಬೀಳುತ್ತದೆ. ಹಿಮ ಬೀಳುವಾಗ ಸುಗ್ಗಿಯ ಹೆಸರಿನ ಪಟ್ಟ! ಆದರೂ ಪದ ಬದಲಾಗಿಲ್ಲ, ಬದಲಾಗುವ ಅಗತ್ಯವೂ ಇಲ್ಲ, ಯಾಕೆಂದರೆ ಅದು ತಿಂಗಳು ನೋಡಿ ಕೊಡುವ ಹೆಸರೇ ಅಲ್ಲ. ಜಿಲ್ಲಾ ಮಟ್ಟದ ಸಣ್ಣ ಲೀಗುಗಳಲ್ಲಿ ಈ ಪದ ಇನ್ನೂ ತನ್ನ ಕಾಲದಲ್ಲೇ ಇದೆ. ಅಲ್ಲಿ ಮೈದಾನ ಹೆಪ್ಪುಗಟ್ಟುವ ಮೊದಲೇ ಅರ್ಧ ಸೀಸನ್ ಮುಗಿಸುತ್ತಾರೆ, ಊರಿನ ಪತ್ರಿಕೆ ಹೆರ್ಬ್ಸ್ಟ್‌ಮೈಸ್ಟರ್ ಎಂದು ತಂಡದ ಫೋಟೋ ಹಾಕುತ್ತದೆ.

ಕಾಲಕ್ಕೂ ಪದಕ್ಕೂ ಸಂಬಂಧವಿಲ್ಲ ಎಂಬುದಕ್ಕೆ 2022ಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಆ ವರ್ಷ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ವಾರಗಟ್ಟಲೆ ಮೇಲಿದ್ದದ್ದು ಯೂನಿಯನ್ ಬರ್ಲಿನ್. ಉರ್ಸ್ ಫಿಶರ್ ಕೋಚ್, ದೊಡ್ಡ ತಾರೆಗಳಿಲ್ಲದ ತಂಡ, 2019ರಲ್ಲಷ್ಟೇ ಮೊದಲ ಸಲ ಬುಂಡೆಸ್‌ಲೀಗಾಕ್ಕೆ ಬಂದದ್ದು. ಋತುವಿನ ಲೆಕ್ಕ ಹಿಡಿದರೆ ಅವರಷ್ಟು ಅರ್ಹರು ಯಾರೂ ಇರಲಿಲ್ಲ. ಆದರೆ ಕತಾರ್ ವಿಶ್ವಕಪ್‌ಗಾಗಿ ಲೀಗ್ ನಿಂತಾಗ 15 ಸುತ್ತು ಮುಗಿದಿತ್ತು, ಅಷ್ಟು ಹೊತ್ತಿಗೆ ಮೇಲೆ ಬಾಯರ್ನ್ ಇತ್ತು. ಉಳಿದ ಎರಡು ಸುತ್ತು ಜನವರಿಯಲ್ಲಿ ನಡೆದವು, ಬಾಯರ್ನ್ ಅಲ್ಲೇ ಉಳಿಯಿತು. ಯೂನಿಯನ್ ಸೀಸನ್ ಮುಗಿಸಿದ್ದು ನಾಲ್ಕನೆಯದಾಗಿ, ಮೊದಲ ಸಲ ಯುರೋಪಿನ ಚಾಂಪಿಯನ್ಸ್ ಲೀಗಿಗೆ ಟಿಕೆಟ್ ಪಡೆದು. ದೊಡ್ಡ ಸಾಧನೆಯೇ. ಅದಕ್ಕೆ ತಪ್ಪು ಬಿರುದಿನ ಅಲಂಕಾರ ಬೇಕಿಲ್ಲ.

ಮೈನ್ಸ್ ತಂಡವನ್ನೂ ಇಲ್ಲಿ ನೆನೆಯಬೇಕು. 2010ರಲ್ಲಿ ತೋಮಾಸ್ ಟೂಖೆಲ್ ಕೋಚ್ ಆಗಿದ್ದಾಗ ಅವರು ಮೊದಲ ಏಳಕ್ಕೆ ಏಳೂ ಗೆದ್ದರು. ಮ್ಯೂನಿಕ್‌ಗೆ ಹೋಗಿ ಬಾಯರ್ನ್ ಅನ್ನು 2-1ರಿಂದ ಸೋಲಿಸಿ ಬಂದದ್ದೂ ಆ ಏಳರಲ್ಲೇ. ಹೋಲ್ಟ್‌ಬಿ, ಶ್ಯೂರ್ಲೆ, ಸಾಲಾಯ್ ಎಂಬ ಮೂವರು ಹುಡುಗರು ಆಡಿದ ರೀತಿ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಎಂಟನೇ ಪಂದ್ಯದಲ್ಲಿ ಹ್ಯಾಂಬರ್ಗ್ ಎದುರು ತವರಲ್ಲೇ ಸೋತರು. ಆ ಸಲದ ಹೆರ್ಬ್ಸ್ಟ್‌ಮೈಸ್ಟರ್ ಡಾರ್ಟ್‌ಮುಂಡ್, 17 ಪಂದ್ಯಗಳಿಂದ 43 ಪಾಯಿಂಟ್. ಮೇ ತಿಂಗಳಲ್ಲಿ ಚಾಂಪಿಯನ್ ಆದದ್ದೂ ಅವರೇ. ಮೈನ್ಸ್ ಐದನೆಯದು. ಅದಕ್ಕೂ ಮೊದಲು 2001-02ರಲ್ಲಿ ಕೈಸರ್ಸ್‌ಲೌಟರ್ನ್ ಕೂಡ ಹೀಗೇ ಮೊದಲ ಏಳೂ ಗೆದ್ದು ಏಳನೇ ಜಾಗದಲ್ಲಿ ಸೀಸನ್ ಮುಗಿಸಿತ್ತು. ಮೊದಲ ಏಳು ಪಂದ್ಯ ಗೆಲ್ಲುವುದಕ್ಕೂ ಒಂದು ಹೆಸರಿರಲಿ ಎನ್ನುವವರಿಗೆ ನನ್ನ ಬೆಂಬಲವಿದೆ, ಅದು ಹೆರ್ಬ್ಸ್ಟ್‌ಮೈಸ್ಟರ್ ಆಗದಿದ್ದರೆ ಸಾಕು. ಅಷ್ಟಕ್ಕೂ ಜರ್ಮನ್‌ನಲ್ಲಿ ಆ ಹೊತ್ತಿಗೆ ಹೊಂದುವ ಪದ ಇದ್ದೇ ಇದೆ: ಸ್ಪಿಟ್ಸನ್‌ರೈಟರ್. ಈಗ, ಈ ಕ್ಷಣದಲ್ಲಿ ತುದಿಯಲ್ಲಿರುವವನು. ತಂಡ ಪಟ್ಟಿಯಲ್ಲಿ ಮೇಲೇರಿದ ದಿನ ಗ್ಯಾಲರಿಯಲ್ಲಿ ಸಾವಿರಾರು ಜನ ಈ ಪದವನ್ನೇ ಕೂಗಿ ಕುಣಿಯುತ್ತಾರೆ. ಮೊದಲ ವಾರದಿಂದಲೇ ಧಾರಾಳವಾಗಿ ಬಳಸಬಹುದು, ಯಾರ ಅಡ್ಡಿಯೂ ಇಲ್ಲ.

ಇಲ್ಲಿ ಕೂತು ನೋಡುವವರಿಗೆ ಗಡಿಯಾರದ ಒಂದು ಗುರುತೂ ಇದೆ. ಸೀಸನ್ ಶುರುವಿನಲ್ಲಿ ಶನಿವಾರದ ಮುಖ್ಯ ಪಂದ್ಯಗಳು ನಮ್ಮ ಸಮಯ ಸಂಜೆ 7ಕ್ಕೆ ಬರುತ್ತವೆ. ಅಕ್ಟೋಬರ್ ಕೊನೆಯ ಭಾನುವಾರ ಜರ್ಮನಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತದೆ, ಆಮೇಲೆ ಅದೇ ಪಂದ್ಯ ನಮಗೆ ರಾತ್ರಿ 8ಕ್ಕೆ. ಶುಕ್ರವಾರದ್ದಂತೂ ನಡುರಾತ್ರಿ 12 ಇದ್ದದ್ದು 1 ಗಂಟೆಗೆ ಹೋಗುತ್ತದೆ. ಈ ಬದಲಾವಣೆ ಆಗುವಾಗ ಎಂಟೋ ಒಂಬತ್ತೋ ಸುತ್ತು ಮುಗಿದಿರುತ್ತದೆ, ಅಂದರೆ ಹಿನ್‌ರುಂಡೆಯೇ ಇನ್ನೂ ಅರ್ಧ. ನಿಮ್ಮ ಪಂದ್ಯ ಇನ್ನೂ 7ಕ್ಕೇ ಬರುತ್ತಿದೆ ಎಂದರೆ ಆ ಪದಕ್ಕೆ ಬಹಳ ದೂರವಿದೆ.

ಇದರ ತದ್ವಿರುದ್ಧದ ತಪ್ಪು ಇನ್ನೊಂದು. ಹೆರ್ಬ್ಸ್ಟ್‌ಮೈಸ್ಟರ್ ಆದರೆ ಪ್ರಶಸ್ತಿ ಗೆದ್ದಂತೆಯೇ ಎಂದು ನಂಬುವುದು. ಹೆಚ್ಚುಕಡಿಮೆ ಮೂರರಲ್ಲಿ ಎರಡು ಸಲ ಹಾಗೆ ಆಗಿದೆ, ಒಪ್ಪೋಣ. 1997-98ರಲ್ಲಿ ಎರಡನೇ ದರ್ಜೆಯಿಂದ ಆಗಷ್ಟೇ ಮೇಲೆ ಬಂದ ಕೈಸರ್ಸ್‌ಲೌಟರ್ನ್ ಅರ್ಧದಾರಿಯಲ್ಲೂ ಮೊದಲು, ಕೊನೆಗೂ ಮೊದಲು. ಆದರೆ ಉಳಿದ ಆ ಒಂದು ಪಾಲಿನಲ್ಲೇ ಬುಂಡೆಸ್‌ಲೀಗಾದ ಒಳ್ಳೊಳ್ಳೆಯ ಕತೆಗಳಿವೆ. 1993-94ರ ಫ್ರಾಂಕ್‌ಫರ್ಟ್ ತಂಡದಲ್ಲಿ ಯೆಬೋವಾ ಇದ್ದ, ಒಕೊಚಾ ಇದ್ದ. ಆ ವರ್ಷದ ಆಗಸ್ಟ್‌ನಲ್ಲಿ ಕಾರ್ಲ್ಸ್‌ರೂಹೆಯ ಗೋಲ್‌ಕೀಪರ್ ಆಗಿದ್ದ ಒಲಿವರ್ ಕಾನ್‌ನನ್ನು ಒಕೊಚಾ ಅತ್ತಿಂದಿತ್ತ ಉರುಳಾಡಿಸಿ ಹೊಡೆದ ಗೋಲನ್ನು ಜನ ಇವತ್ತಿಗೂ ಹುಡುಕಿ ನೋಡುತ್ತಾರೆ. ಆ ತಂಡ ಹೆರ್ಬ್ಸ್ಟ್‌ಮೈಸ್ಟರ್ ಆಯಿತು, ಕೊನೆಗೆ ಐದನೆಯದು. 2018-19ರಲ್ಲಿ ಡಾರ್ಟ್‌ಮುಂಡ್ ಬಾಯರ್ನ್‌ಗಿಂತ ಒಂದು ಹಂತದಲ್ಲಿ ಒಂಬತ್ತು ಪಾಯಿಂಟ್ ಮುಂದಿತ್ತು, ಅರ್ಧದಾರಿಯಲ್ಲಿ ಆರು. ಕೊನೆಯ ದಿನ 76ಕ್ಕೆ 78, ಎರಡು ಪಾಯಿಂಟ್ ಹಿಂದೆ.

ನನಗೆ ಎಲ್ಲಕ್ಕಿಂತ ಹತ್ತಿರದ ಕತೆ ಹಾಫನ್‌ಹೈಮ್‌ನದು. ಜಿನ್ಸ್‌ಹೈಮ್ ಪಟ್ಟಣಕ್ಕೆ ಸೇರಿದ ಒಂದು ಹಳ್ಳಿಯ ತಂಡ. ಬೆಂಗಳೂರಿನವರಿಗೆ ಚೆನ್ನಾಗಿ ಗೊತ್ತಿರುವ ಸ್ಯಾಪ್ ಸಾಫ್ಟ್‌ವೇರ್ ಕಂಪನಿಯ ಸಂಸ್ಥಾಪಕರಲ್ಲಿ ಒಬ್ಬರಾದ ಡೀಟ್ಮಾರ್ ಹಾಪ್ ಅವರ ಹಣ ಅದರ ಬೆನ್ನಿಗಿತ್ತು. ಆ ಕಾರಣಕ್ಕೆ ಜರ್ಮನಿಯ ಎಷ್ಟೋ ಅಭಿಮಾನಿಗಳಿಗೆ ಆ ತಂಡ ಕಂಡರಾಗದು. ಆದರೆ 2008ರ ಕೊನೆಯ ತಿಂಗಳುಗಳಲ್ಲಿ ಕೋಚ್ ರಾಲ್ಫ್ ರಾಂಗ್ನಿಕ್ ಅವರ ಆ ತಂಡ ಆಡಿದ ವೇಗದ ಆಟವನ್ನು ನೋಡಿದವರು ಮರೆಯಲಾರರು. ಬುಂಡೆಸ್‌ಲೀಗಾಕ್ಕೆ ಬಂದ ಮೊದಲ ಸೀಸನ್. ಸ್ವಂತ ಮೈದಾನ ಇನ್ನೂ ಕಟ್ಟಿ ಮುಗಿದಿರಲಿಲ್ಲ, ತವರಿನ ಪಂದ್ಯಗಳನ್ನು ಮಾನ್‌ಹೈಮ್‌ನಲ್ಲಿ ಆಡುತ್ತಿದ್ದರು. ವೇದಾದ್ ಇಬಿಶೆವಿಚ್ 17 ಪಂದ್ಯಗಳಲ್ಲಿ 18 ಗೋಲು ಹೊಡೆದ. ಅರ್ಧದಾರಿಯಲ್ಲಿ ಹಾಫನ್‌ಹೈಮ್‌ಗೂ 35 ಪಾಯಿಂಟ್, ಬಾಯರ್ನ್‌ಗೂ 35. ಗೋಲು ವ್ಯತ್ಯಾಸದಲ್ಲಿ ಹಾಫನ್‌ಹೈಮ್ ಮುಂದೆ, ಹಾಗಾಗಿ ಹೆರ್ಬ್ಸ್ಟ್‌ಮೈಸ್ಟರ್. ಜನವರಿಯಲ್ಲಿ ಸ್ಪೇನಿನ ತರಬೇತಿ ಶಿಬಿರದ ಹೊತ್ತಲ್ಲಿ ಇಬಿಶೆವಿಚ್‌ನ ಮೊಣಕಾಲಿನ ಲಿಗಮೆಂಟ್ ಹರಿಯಿತು. ಸೀಸನ್ ಮುಗಿದಾಗಲೂ ಅವನ ಲೆಕ್ಕ ಅದೇ 18. ಹೊಸ ಮೈದಾನ ತೆರೆಯಿತು, ಆದರೆ ತಂಡ ವಾರಗಟ್ಟಲೆ ಗೆಲುವಿಲ್ಲದೆ ಕೆಳಗಿಳಿದು ಏಳನೆಯದಾಯಿತು. ಪ್ರಶಸ್ತಿ ಗೆದ್ದದ್ದು ಅರ್ಧದಾರಿಯಲ್ಲಿ ಒಂಬತ್ತನೇ ಜಾಗದಲ್ಲಿದ್ದ ವೋಲ್ಫ್ಸ್‌ಬುರ್ಗ್. ಇಷ್ಟಾದರೂ ಆ 17 ಪಂದ್ಯಗಳ ಸಾಧನೆ ಸುಳ್ಳಾಗುವುದಿಲ್ಲ. ಎಲ್ಲರನ್ನೂ ಒಮ್ಮೆ ಎದುರಿಸಿ ಮೇಲಿದ್ದ ತಂಡ ಅದು. ಈ ಪದ ಹೇಳುವುದು ಅಷ್ಟನ್ನೇ. ಅಷ್ಟು ಹೇಳಲು ಅದು ಬೇಕೇ ಬೇಕು, ಅದಕ್ಕೇ ಅದನ್ನು ಆರು ಪಂದ್ಯಕ್ಕೆ ಸುಮ್ನೆ ಖರ್ಚು ಮಾಡಬಾರದು ಎನ್ನುವುದು.

ಕೊನೆಗೆ, ಪಂದ್ಯ ಮುಂದೂಡಿದಾಗ ಏನು ಎಂಬ ಪ್ರಶ್ನೆ. ಲೆಕ್ಕಕ್ಕೆ ಬರುವುದು ಹಿನ್‌ರುಂಡೆಯ ಪಂದ್ಯಗಳು, ದಿನಾಂಕವಲ್ಲ. 2023ರ ಡಿಸೆಂಬರ್ 2ರಂದು ಮ್ಯೂನಿಕ್‌ನಲ್ಲಿ ಭಾರೀ ಹಿಮ ಬಿದ್ದು ಬಾಯರ್ನ್ ಮತ್ತು ಯೂನಿಯನ್ ನಡುವಿನ ಪಂದ್ಯ ಮುಂದಕ್ಕೆ ಹೋಯಿತು. 2024ರ ಜನವರಿ 13ರಂದು ಶಾಬಿ ಅಲೊನ್ಸೊ ಕೋಚ್ ಆಗಿದ್ದ ಲೆವರ್‌ಕೂಸನ್ ತನ್ನ 17ನೇ ಪಂದ್ಯಕ್ಕೆ ಆಗ್ಸ್‌ಬುರ್ಗ್‌ಗೆ ಬಂದಾಗ ಬಾಯರ್ನ್ ಬಳಿ 16 ಪಂದ್ಯಗಳಿಂದ 41 ಪಾಯಿಂಟ್ ಇತ್ತು. ಲೆವರ್‌ಕೂಸನ್ ಬಳಿ 42. ಪಂದ್ಯ ಡ್ರಾ ಆಗಿದ್ದರೆ 43, ಆಗ ಬಾಯರ್ನ್ ಬಾಕಿ ಪಂದ್ಯ ಗೆದ್ದು 44ಕ್ಕೆ ಹೋಗಬಹುದಿತ್ತು. 90 ನಿಮಿಷ ಮುಗಿದರೂ ಗೋಲಿಲ್ಲ. 94ನೇ ನಿಮಿಷದಲ್ಲಿ ಲೆವರ್‌ಕೂಸನ್‌ನ ಪಲಾಸಿಯೊಸ್ ಹೊಡೆದ. 45 ಪಾಯಿಂಟ್, ಬಾಯರ್ನ್‌ಗೆ ಇನ್ನು ಎಟುಕದ ಲೆಕ್ಕ. ಹಿಮದಿಂದ ನಿಂತಿದ್ದ ಪಂದ್ಯ ಜನವರಿ 24ರಂದು ನಡೆಯಿತು, ಬಾಯರ್ನ್ ಗೆದ್ದಿತು ಕೂಡ. ಅಷ್ಟು ಹೊತ್ತಿಗೆ ಹೆರ್ಬ್ಸ್ಟ್‌ಮೈಸ್ಟರ್ ಯಾರೆಂಬುದು ತೀರ್ಮಾನವಾಗಿ ಹನ್ನೊಂದು ದಿನ ಆಗಿತ್ತು.