ಮರಳುಗಾಡಿನ ಚಳಿ ಒಂಟೆಗೆ ಬೇಕು

ಜೈಸಲ್ಮೇರಿನಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ಹೋದರೆ ಸಮ್ ಸಿಗುತ್ತದೆ. ನೈಋತ್ಯದ ದಾರಿ ಹಿಡಿದರೆ ಖುರಿ. ಎರಡೂ ಕಡೆ ಮರಳ ದಿಬ್ಬಗಳ ಪಕ್ಕದಲ್ಲೇ ರಾತ್ರಿ ಉಳಿಯಬಹುದು. ಸಮ್‌ನಲ್ಲಿ ಗದ್ದಲ ಜಾಸ್ತಿ: ಡಿಜೆ, ಜೀಪು, ಜನ. ನನ್ನ ಓಟು ಖುರಿಗೆ. ಅಲ್ಲಿನ ಸಾದಾ ಕ್ಯಾಂಪಿನಲ್ಲಿ ಒಂದು ಹಗ್ಗದ ಮಂಚ, ದಪ್ಪ ರಜಾಯಿ, ಊಟಕ್ಕೆ ಸಜ್ಜೆ ರೊಟ್ಟಿ, ಸಾಂಗ್ರಿ ಪಲ್ಯ. ಸಾಂಗ್ರಿ ಅಂದರೆ ಬೇರೇನಲ್ಲ, ನಮ್ಮ ಬನ್ನಿ ಮರದ ಎಳೆ ಕಾಯಿ. ನಾವು ದಸರೆಯಲ್ಲಿ ಎಲೆ ಕೊಟ್ಟು ಕೈ ಮುಗಿಯುತ್ತೇವೆ. ಅವರು ಕಾಯಿ ಒಣಗಿಸಿಟ್ಟು ವರ್ಷವಿಡೀ ಉಣ್ಣುತ್ತಾರೆ.

ಮೊದಲ ಸಲ ಹೋದವರಿಗೆ ಅಚ್ಚರಿ ಆಗುವುದು ಚಳಿ ಕಂಡು. ಜನವರಿಯಲ್ಲಿ ಅಲ್ಲಿ ಮಧ್ಯಾಹ್ನ 24 ಡಿಗ್ರಿಯ ಆಸುಪಾಸು ಇರುತ್ತದೆ, ಹಾಯಾದ ಬಿಸಿಲು. ನಸುಕಿನಲ್ಲಿ 8 ಡಿಗ್ರಿ. ಕೆಲವು ರಾತ್ರಿ ಅದಕ್ಕಿಂತಲೂ ಕೆಳಗೆ. ಅಷ್ಟೊಂದು ಬಿಸಿಲು ಕುಡಿದ ಮರಳು ಆ ಕಾವನ್ನೆಲ್ಲ ಎಲ್ಲಿ ಕಳೆದುಕೊಂಡಿತು?

ಅದು ಕುಡಿದದ್ದೇ ಕಡಿಮೆ. ಒಣ ಮರಳಿನ ಕಾಳುಗಳ ನಡುವೆ ಗಾಳಿ ತುಂಬಿರುತ್ತದೆ, ಹಾಗಾಗಿ ಶಾಖ ಕೆಳಕ್ಕೆ ಇಳಿಯುವುದು ಬಹಳ ನಿಧಾನ. ಹಗಲಿನ ಕಾವೆಲ್ಲ ಮೇಲಿನ ಪದರದಲ್ಲೇ ಉಳಿಯುತ್ತದೆ. ಸಂಜೆ ಕತ್ತಲಾದ ಮೇಲೆ ಬರಿಗಾಲಲ್ಲಿ ದಿಬ್ಬದ ಮೇಲೆ ನಿಂತು ನೋಡಿ, ಪಾದಕ್ಕೆ ತಣ್ಣಗೆ ತಗಲುತ್ತದೆ. ಅಲ್ಲೇ ಕೂತು ಕೈಯನ್ನು ಮಣಿಕಟ್ಟಿನವರೆಗೆ ಒಳಗೆ ತೂರಿಸಿ. ಬೆರಳ ತುದಿಗೆ ಇನ್ನೂ ಬೆಚ್ಚಗಿರುತ್ತದೆ. ಒಂದು ಗೇಣಿನೊಳಗೆ ಎರಡು ಹವೆ!

ಮೇಲಿನ ಪದರದ ಶಾಖ ಹೋಗುವುದು ನೇರ ಆಕಾಶಕ್ಕೆ, ಕಣ್ಣಿಗೆ ಕಾಣದ ಅವಗೆಂಪು ಕಿರಣಗಳಾಗಿ. ನಮ್ಮ ಕರಾವಳಿಯಲ್ಲೂ ನೆಲ ಹೀಗೇ ಶಾಖ ಬಿಡುತ್ತದೆ. ಆದರೆ ಅಲ್ಲಿನ ಗಾಳಿಯಲ್ಲಿರುವ ನೀರಾವಿ, ಮೋಡಗಳು ಅದನ್ನು ಹೀರಿಕೊಂಡು ಒಂದಷ್ಟನ್ನು ವಾಪಸ್ ಕೆಳಗೆ ಕಳಿಸುತ್ತವೆ. ಅದಕ್ಕೇ ಮಂಗಳೂರಿನಲ್ಲಿ ಮಧ್ಯರಾತ್ರಿಯಾದರೂ ಬೆವರು ಆರುವುದಿಲ್ಲ. ಥಾರ್‌ನ ಚಳಿಗಾಲದ ಗಾಳಿ ಒಣ, ಆಕಾಶ ಬಯಲು. ಹೋದ ಶಾಖ ಹೋಯಿತು ಅಷ್ಟೇ.

ಬಯಲು ಆಕಾಶ ಎಷ್ಟು ತಣಿಸುತ್ತದೆ ಅನ್ನುವುದು ನಮ್ಮವರಿಗೆ ಹಿಂದೆಯೇ ಗೊತ್ತಿತ್ತು. ಅಲಹಾಬಾದಿನಲ್ಲಿ ಚಳಿಗಾಲದ ರಾತ್ರಿ ನೆಲ ಅಗೆದು, ಒಣ ಹುಲ್ಲು ಹಾಸಿ, ಅದರ ಮೇಲೆ ಮಣ್ಣಿನ ತಟ್ಟೆಗಳಲ್ಲಿ ನೀರಿಡುತ್ತಿದ್ದರು. ಬೆಳಗ್ಗೆ ಮಂಜುಗಡ್ಡೆ! ಗಾಳಿ ಸೊನ್ನೆ ಡಿಗ್ರಿಗೆ ಇಳಿಯದಿದ್ದರೂ ನೀರು ಹೆಪ್ಪುಗಟ್ಟುತ್ತಿತ್ತು. 1775ರಲ್ಲಿ ರಾಬರ್ಟ್ ಬಾರ್ಕರ್ ಎಂಬ ಸೇನಾಧಿಕಾರಿಯ ವರದಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು.

ಮಂಚದ ಮೇಲೆ ಬಯಲಲ್ಲಿ ಮಲಗಿದಾಗ ನೀವೂ ಆ ನೀರಿನ ತಟ್ಟೆಯೇ. ರಜಾಯಿಯ ಮೇಲ್ಮೈ ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ, ಕೆಲವೊಮ್ಮೆ ಇಬ್ಬನಿಗೆ ಒದ್ದೆಯೂ ಆಗುತ್ತದೆ. ಟೆಂಟಿನ ಬಟ್ಟೆ ತೆಳ್ಳಗಿದ್ದರೂ ಆಕಾಶಕ್ಕೆ ಅಡ್ಡ ನಿಲ್ಲುತ್ತದೆ, ಒಳಗೆ ಚಳಿ ಕಡಿಮೆ. ನಕ್ಷತ್ರ ನೋಡಲೇಬೇಕು ಅನ್ನುವವರು ಮಂಚವನ್ನು ದಿಬ್ಬದ ಓರೆಯಲ್ಲಿ ಸ್ವಲ್ಪ ಮೇಲೆ ಹಾಕಿಸಿಕೊಳ್ಳಿ. ತಂಪು ಗಾಳಿ ಭಾರ, ಅದು ಜಾರಿ ತಗ್ಗಿಗೆ ಬಂದು ನಿಲ್ಲುತ್ತದೆ.

ನಾವು ಹೀಗೆ ಮುದುಡಿಕೊಂಡಿರುವಾಗ ಪಕ್ಕದಲ್ಲಿ ಒಂಟೆ ಆರಾಮಾಗಿ ಮೆಲುಕು ಹಾಕುತ್ತಿರುತ್ತದೆ. ಅದಕ್ಕೆ ಈ ಚಳಿ ಕಷ್ಟವಲ್ಲ, ದುಡಿಮೆಯ ಸಮಯ.

ಒಂಟೆಯ ಡುಬ್ಬದಲ್ಲಿ ನೀರಿದೆ ಅನ್ನುವ ಮಾತು ಇನ್ನೂ ಓಡಾಡುತ್ತಿದೆ. ಅಲ್ಲಿರುವುದು ಕೊಬ್ಬು. ನೀರಿನ ಲೆಕ್ಕ ಬೇರೆ ಕಡೆ ಇದೆ. ಅದನ್ನು ಹುಡುಕಿದವರು ನಾರ್ವೆ ಮೂಲದ ಪ್ರಾಣಿ ವಿಜ್ಞಾನಿ ಕ್ನೂಟ್ ಶ್ಮಿಟ್-ನೀಲ್ಸನ್. 1953-54ರಲ್ಲಿ ಅವರು ಅಲ್ಜೀರಿಯಾದ ಬೆನಿ ಅಬ್ಬೆಸ್ ಎಂಬ ಓಯಸಿಸ್‌ನಲ್ಲಿ ಬೀಡುಬಿಟ್ಟು, ಒಂಟೆಗಳ ಹಿಂಬದಿಗೆ ಥರ್ಮಾಮೀಟರ್ ಇಟ್ಟು ಹಗಲೂ ರಾತ್ರಿ ಅಳೆದರು. (ಒಂಟೆ ಇದನ್ನು ಹೇಗೆ ತೆಗೆದುಕೊಂಡಿರಬಹುದು ಅಂತ ನೀವೇ ಊಹಿಸಿ.) ಅಲ್ಲಿನದೂ ನಮ್ಮ ಥಾರ್‌ನದೂ ಒಂದೇ ಜಾತಿ, ಒಂಟಿ ಡುಬ್ಬದ್ದು. ಬೇಸಿಗೆಯಲ್ಲಿ ನೀರು ಸಿಗದ ಒಂಟೆಯ ಮೈಬಿಸಿ ಬೆಳಗ್ಗೆ 34 ಡಿಗ್ರಿ, ಸಂಜೆಗೆ 40 ದಾಟುತ್ತಿತ್ತು. ನಮಗೆ ಎರಡು ಡಿಗ್ರಿ ಏರಿದರೆ ಜ್ವರ ಅಂತ ಮಲಗುತ್ತೇವೆ.

500 ಕಿಲೋ ತೂಕದ ಪ್ರಾಣಿಯ ಮೈ ಆರು ಡಿಗ್ರಿ ಏರಿತು ಅಂದರೆ ಸುಮಾರು 2500 ಕಿಲೋಕ್ಯಾಲರಿ ಶಾಖ ಒಳಗೇ ಉಳಿಯಿತು ಅಂತ ಅರ್ಥ. ಅಷ್ಟನ್ನು ಬೆವರಿ ಕಳೆಯಬೇಕಿದ್ದರೆ ನಾಲ್ಕೈದು ಲೀಟರ್ ನೀರು ಬೇಕಿತ್ತು. ಒಂಟೆ ಬೆವರದೆ ತಡೆದುಕೊಳ್ಳುತ್ತದೆ. ರಾತ್ರಿ ತಂಪು ಗಾಳಿಗೆ, ಬಯಲು ಆಕಾಶಕ್ಕೆ ಪುಕ್ಕಟೆಯಾಗಿ ಬಿಟ್ಟುಬಿಡುತ್ತದೆ. ರಾತ್ರಿ ತಣಿಯದ ಊರಲ್ಲಿ ಈ ಉಪಾಯ ನಡೆಯುವುದಿಲ್ಲ ನೋಡಿ.

ಮೂಗೂ ರಾತ್ರಿಪಾಳಿಯದ್ದೇ. ನಾವು ಬಿಡುವ ಉಸಿರು ಬೆಚ್ಚಗೆ, ತೇವವಾಗಿ ಇರುತ್ತದೆ, ಪ್ರತಿ ಉಸಿರಿಗೂ ನೀರು ಖರ್ಚು. ಒಂಟೆಯ ಮೂಗಿನೊಳಗೆ ಸುರುಳಿ ಸುರುಳಿಯಾದ ತೆಳು ಪದರಗಳಿವೆ. ರಾತ್ರಿಯ ತಣ್ಣನೆ ಗಾಳಿ ಒಳಗೆ ಹೋಗುವಾಗ ಅವು ತಣ್ಣಗಾಗಿ ಒಣಗುತ್ತವೆ. ಅದೇ ಉಸಿರು ಹೊರಗೆ ಬರುವಾಗ ತೇವವನ್ನು ಅವು ಹಿಡಿದಿಟ್ಟುಕೊಳ್ಳುತ್ತವೆ. ಉಸಿರಿನಲ್ಲಿ ಹೋಗಬೇಕಾದ ನೀರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೀಗೆ ಉಳಿಯುತ್ತದೆ. ಹಗಲಿನ ಬಿಸಿಗಾಳಿಯಲ್ಲಿ ಈ ಆಟ ಸಾಗದು.

ಹಾಗಂತ ಕ್ಯಾಂಪಿನ ಒಂಟೆಯಲ್ಲಿ ಇದೆಲ್ಲ ಪೂರ್ತಿ ಕಾಣಸಿಗುತ್ತದೆ ಅಂತಲ್ಲ. ದಿನಾ ನೀರು ಕುಡಿಯುವ ಒಂಟೆಯ ಮೈಬಿಸಿ ಎರಡು ಡಿಗ್ರಿಯಷ್ಟೇ ಏರಿಳಿಯುತ್ತದೆ. ನೀರಿದ್ದಾಗ ಅದೂ ನಮ್ಮಂತೆ ಬೆವರುತ್ತದೆ. ಬಾಯಾರಿದಾಗ ಮಾತ್ರ ಜಿಪುಣತನ.

ಸವಾರಿಗೆ ಹತ್ತುವ ಮುಂಚೆ, ಒಂಟೆ ಕೂತಿರುವಾಗಲೇ ಎದೆಯ ಕೆಳಗೆ ಒಮ್ಮೆ ಬಗ್ಗಿ ನೋಡಿ. ಅಲ್ಲಿ ದಪ್ಪ ಜಡ್ಡುಗಟ್ಟಿದ ಒಂದು ಗಟ್ಟಿ ದಿಂಬು ಇದೆ. ಮೈಯನ್ನು ಸುಡುವ ನೆಲದಿಂದ ಎತ್ತಿ ಹಿಡಿಯುವುದು ಅದೇ, ಹೊಟ್ಟೆಯ ಕೆಳಗೆ ಗಾಳಿ ಆಡಲು ಜಾಗ ಸಿಗುತ್ತದೆ. ಬೆನ್ನಿನ ಮೇಲಿನ ಉಣ್ಣೆ ಬಿಸಿಲಿಗೆ ಅಡ್ಡ. ಶ್ಮಿಟ್-ನೀಲ್ಸನ್ ಅವರ ಅದೇ ಪ್ರಯೋಗದಲ್ಲಿ ಉಣ್ಣೆ ಕತ್ತರಿಸಿದ ಒಂಟೆಗೆ ಸುಮಾರು 50% ಜಾಸ್ತಿ ನೀರು ಖರ್ಚಾಯಿತು.

ಹತ್ತಿದ ಮೇಲೆ ಹಿಂದಕ್ಕೆ ವಾಲಿ ಕೂರಿ. ಒಂಟೆ ಎದ್ದಾಗ ಮುಂಗಾಲಿನ ಮಂಡಿಯ ಮೇಲೇ ನಿಂತು ಮೊದಲು ಹಿಂಗಾಲು ಚಾಚುತ್ತದೆ. ಬಿಗಿಯಾಗಿ ಹಿಡಿಯದಿದ್ದರೆ ನೇರ ಅದರ ಕುತ್ತಿಗೆಗೇ. ನಡೆಯುವಾಗ ಒಂದೇ ಪಕ್ಕದ ಎರಡೂ ಕಾಲು ಜೊತೆಗೆ ಎತ್ತಿಡುತ್ತದೆ, ಆ ತೂಗಾಟಕ್ಕೆ ಸೊಂಟ ಬಿಗಿಹಿಡಿದರೆ ಮರುದಿನ ನೋವು ಗ್ಯಾರಂಟಿ. ಸುಮ್ನೆ ಅದರ ಜೊತೆ ತೂಗಿ.

2019ರ ಜಾನುವಾರು ಗಣತಿಯಲ್ಲಿ ದೇಶದ ಒಂಟೆಗಳು ಸುಮಾರು ಎರಡೂವರೆ ಲಕ್ಷ. 2012ಕ್ಕೆ ಹೋಲಿಸಿದರೆ 37% ಕಡಿಮೆ. ಹೊಲಕ್ಕೆ ಟ್ರ್ಯಾಕ್ಟರ್ ಬಂತು, ದಾರಿಗೆ ಜೀಪು ಬಂತು. ಸಾಕುವವರಿಗೆ ಉಳಿದಿರುವ ಕೆಲವೇ ಆದಾಯಗಳಲ್ಲಿ ಈ ಸವಾರಿಯೂ ಒಂದು. ಹಾಗಾಗಿ ಸಮ್‌ನ ಜೀಪ್ ಸವಾರಿಗೆ ಕೊಡುವ ದುಡ್ಡನ್ನು ಒಂಟೆಯವನಿಗೆ ಕೊಡಿ ಅಂತಲೇ ನಾನು ಹೇಳುವುದು.

ಸೂರ್ಯೋದಯ ನೋಡಲು ಕ್ಯಾಂಪಿನವರು ಎಬ್ಬಿಸಿದಾಗ ಟೋಪಿ, ಸಾಕ್ಸ್ ಮರೆಯಬೇಡಿ. ದಿನದ ಅತಿ ಹೆಚ್ಚು ಚಳಿ ನಡುರಾತ್ರಿಯಲ್ಲಿ ಇರುವುದಿಲ್ಲ. ಸೂರ್ಯ ಮೂಡಿದ ಮೇಲೂ ಸ್ವಲ್ಪ ಹೊತ್ತು ನೆಲಕ್ಕೆ ಬರುವ ಶಾಖಕ್ಕಿಂತ ಹೋಗುವುದೇ ಜಾಸ್ತಿ ಇರುತ್ತದೆ, ಚಳಿ ತುದಿ ಮುಟ್ಟುವುದು ಆಗಲೇ.