ರೋಗಿಯ ಜೊತೆ ಮನೆಯವರೂ ಮಲಗಬೇಕು

ಗಂಭೀರ ಕಾಯಿಲೆಯವರ ನೋವು, ನರಳಾಟ ತಗ್ಗಿಸುವ ಪ್ಯಾಲಿಯೇಟಿವ್ ಕೇರ್ ವಿಭಾಗಕ್ಕೆ ಬರುವ ಮನೆಯವರನ್ನು ‘ನೀವು ಹೇಗಿದ್ದೀರಿ?’ ಎಂದು ಕೇಳಿದರೆ, ಉತ್ತರ ರೋಗಿಯ ಬಗ್ಗೆಯೇ ಇರುತ್ತದೆ. ‘ಊಟನೇ ಮಾಡ್ತಿಲ್ಲ ಡಾಕ್ಟ್ರೇ.’ ಅದಕ್ಕೇ ನಾನು ಬೇರೆ ಪ್ರಶ್ನೆ ಕೇಳುತ್ತೇನೆ: ನಿನ್ನೆ ರಾತ್ರಿ ಎಷ್ಟು ಹೊತ್ತು ಮಲಗಿದ್ದಿರಿ? ಆಗ ಹಲವರು ಅತ್ತುಬಿಡುತ್ತಾರೆ.

ನೆಂಟರು ಬಂದು ‘ಧೈರ್ಯವಾಗಿರು’ ಅಂತ ಹೇಳಿ ಹೋಗುತ್ತಾರೆ. ತಿಂಗಳುಗಟ್ಟಲೆ ನಿದ್ದೆಗೆಟ್ಟವರಿಗೆ ಧೈರ್ಯ ಎಲ್ಲಿಂದ ಬರಬೇಕು? ಮೊದಲು ರಾತ್ರಿ ಸರಿಹೋಗಬೇಕು. ಉದಾಹರಣೆಗೆ, ಕ್ಯಾನ್ಸರ್ ನೋವಿಗೆ ಕೊಡುವ ಸಾಮಾನ್ಯ ಮಾರ್ಫಿನ್ ಮಾತ್ರೆ ಸುಮಾರು 4 ಗಂಟೆ ಕೆಲಸ ಮಾಡುತ್ತದೆ. ಅದಕ್ಕೆಂದೇ ಎಷ್ಟೋ ಮಂದಿ ನಡುರಾತ್ರಿ ಅಲಾರಂ ಇಟ್ಟು ಏಳುತ್ತಾರೆ. ಮಲಗುವಾಗಿನ ಡೋಸ್ ಜಾಸ್ತಿ ಮಾಡಿ, ನಡುರಾತ್ರಿಯದನ್ನು ಬಿಡುವ ಕ್ರಮ ಇದೆ. ರೋಗಿಯ ವಯಸ್ಸು, ಕಿಡ್ನಿ ನೋಡಿ ಅದನ್ನು ಡಾಕ್ಟರೇ ತೀರ್ಮಾನಿಸಬೇಕು, ನೀವಾಗಿ ಬದಲಾಯಿಸಬೇಡಿ. ಆದರೆ ‘ರಾತ್ರಿ ಏಳೋಕೆ ಆಗ್ತಿಲ್ಲ’ ಎಂದು ಹೇಳಲು ಸಂಕೋಚವೂ ಬೇಡ. ನೀವು ಹೇಳದಿದ್ದರೆ ನಮಗೆ ಗೊತ್ತಾಗುವುದಿಲ್ಲ.

ನಮ್ಮ ಮನೆಗಳಲ್ಲಿ ಆರೈಕೆ ಯಾರೋ ಒಬ್ಬರ ತಲೆಗೆ ಬರುತ್ತದೆ. ಹೆಚ್ಚಾಗಿ ಹೆಂಡತಿ, ಸೊಸೆ ಅಥವಾ ಮದುವೆಯಾಗದ ಮಗಳು. ‘ಸ್ವಲ್ಪ ಸಹಾಯ ಮಾಡಿ’ ಅಂದರೆ ಯಾರೂ ಬರುವುದಿಲ್ಲ. ಕೆಲಸ, ವಾರ ಎರಡನ್ನೂ ಹೇಳಿ ಕೇಳಿ. ‘ಭಾವ, ಮಂಗಳವಾರ ರಕ್ತ ಪರೀಕ್ಷೆಗೆ ನೀವು ಕರ್ಕೊಂಡು ಹೋಗಿ.’ ‘ಅಕ್ಕಾ, ಶನಿವಾರ ರಾತ್ರಿ ಅಪ್ಪನ ಹತ್ತಿರ ನೀನು ಮಲ್ಕೋ.’ ಅಮೆರಿಕದಲ್ಲಿರುವ ತಮ್ಮ ವಿಡಿಯೋ ಕಾಲ್‌ನಲ್ಲಿ ಸಲಹೆ ಕೊಡುವ ಬದಲು, ವಾರಕ್ಕೆ ಎರಡು ರಾತ್ರಿ ಹೋಂ ನರ್ಸ್ ಖರ್ಚು ಕೊಡಲಿ. ಇದನ್ನು ನಾನು ಮುಲಾಜಿಲ್ಲದೆ ಹೇಳುತ್ತೇನೆ.

ಇನ್ನೊಂದು ಮಾತಿದೆ. ಎಲ್ಲರೂ ಹೊರಗೆ ಹೋದ ಮೇಲೆ ತಗ್ಗಿದ ದನಿಯಲ್ಲಿ ಬರುವ ಮಾತು ಅದು. ‘ಇದೆಲ್ಲ ಬೇಗ ಮುಗಿದುಹೋಗಲಿ ಅನಿಸುತ್ತೆ ಡಾಕ್ಟ್ರೇ. ನಾನು ಪಾಪಿ ಅಲ್ವಾ?’ ಖಂಡಿತ ಅಲ್ಲ. ನರಳಾಟ ನಿಲ್ಲಲಿ ಅನ್ನಿಸುವುದಕ್ಕೂ ಆ ಜೀವ ಬೇಡ ಅನ್ನಿಸುವುದಕ್ಕೂ ತುಂಬ ವ್ಯತ್ಯಾಸವಿದೆ. ಸಾವಿಗೆ ಮೊದಲೇ ದುಃಖ ಶುರುವಾಗುತ್ತದೆ ಎಂಬುದನ್ನು ಮನೋವೈದ್ಯ ಎರಿಕ್ ಲಿಂಡೆಮನ್ 1944ರಲ್ಲೇ ಬರೆದಿದ್ದರು. ಪ್ರೀತಿ, ಸಿಟ್ಟು, ಬೇಸರ, ಎಲ್ಲ ಒಂದೇ ದಿನ ಬಂದು ಹೋಗುತ್ತವೆ. ನಂಬಿಕೆಯ ಒಬ್ಬರ ಹತ್ತಿರವಾದರೂ ಇದನ್ನು ಬಾಯಿಬಿಟ್ಟು ಹೇಳಿ. ಹೇಳಿಕೊಂಡವರು ಮರುದಿನದ ಕೆಲಸಕ್ಕೆ ಹಗುರಾಗಿ ಹೋಗುವುದನ್ನು ನಾನು ನೋಡುತ್ತಲೇ ಇದ್ದೇನೆ.

ಮನೆಯಲ್ಲಿ ಆಗುತ್ತಲೇ ಇಲ್ಲ ಎಂದಾಗ ಹಾಸ್ಪೈಸ್, ಅಂದರೆ ಕೊನೆಯ ದಿನಗಳ ರೋಗಿಗಳನ್ನು ಇಟ್ಟುಕೊಂಡು ನೋಡಿಕೊಳ್ಳುವ ಕೇಂದ್ರದಲ್ಲಿ ಕೇಳಿ ನೋಡಿ. ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಬೆಂಗಳೂರಿನ ಕರುಣಾಶ್ರಯದಲ್ಲಿ ಉಚಿತ ಆರೈಕೆಯಿದೆ. ಅಲ್ಲಿಗೆ ಕಳಿಸಿದರೆ ಕೈಬಿಟ್ಟ ಹಾಗಲ್ಲ.

ಮಲಗಲು ಅವಕಾಶವಿದ್ದರೂ ಎರಡು ವಾರದಿಂದ ನಿದ್ದೆ ಬರುತ್ತಿಲ್ಲ, ಯಾವುದೂ ಬೇಡ ಅನಿಸುತ್ತಿದೆ ಎಂದಾದರೆ ಅದು ಬರೀ ಸುಸ್ತಲ್ಲ. ನಿಮಗೂ ಚಿಕಿತ್ಸೆ ಬೇಕಾಗಬಹುದು. ಸಾಯಬೇಕು ಅನಿಸಿದರೆ, ರೋಗಿಯ ಮೇಲೆ ಕೈಯೆತ್ತುವಷ್ಟು ಸಿಟ್ಟು ಬಂದರೆ, ಅವತ್ತೇ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಉಚಿತ ಸಹಾಯವಾಣಿ. ರಾತ್ರಿಯೂ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು.