ಬ್ಯಾರೆಲ್ ಬದಲಿಸುವ ಮುನ್ನ ಎಷ್ಟು ಈಡು ಹೊಡೆಯಬೇಕು?

ಪೆನ್ಸಿಲ್ವೇನಿಯಾದಲ್ಲಿ ನೆಲೆಸಿರುವ ನನ್ನ ಗೆಳೆಯನೊಬ್ಬ ಹೊಸದಾಗಿ ರುಗರ್ 10/22 ರೈಫಲ್ ಕೊಂಡ. ಕೊಡಗಿನವನು. ಕೈಲ್ ಮುಹೂರ್ತದ ದಿನ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಈಡು ಹೊಡೆಯುವುದನ್ನು ನೋಡುತ್ತಲೇ ಬೆಳೆದವನು. ಊರಿನ ಮನೆಯ ಕೋವಿಗೆ ಪ್ರತಿ ಈಡಿನ ಬಳಿಕವೂ ತೋಟಾ ತುಂಬಬೇಕಿತ್ತು. ಇದು ಅರೆ-ಸ್ವಯಂಚಾಲಿತ: ಕುದುರೆ, ಅಂದರೆ ಟ್ರಿಗರ್, ಎಳೆದಾಗೊಮ್ಮೆ ಒಂದು ಗುಂಡು ಹಾರುತ್ತದೆ, ಖಾಲಿ ತೋಟಾ ತಾನಾಗಿ ಹೊರಬಿದ್ದು ಮುಂದಿನದು ಒಳಸೇರುತ್ತದೆ.

1964ರಲ್ಲಿ ಬಂದ ಈ ಪಾಯಿಂಟ್ 22 (ಸುಮಾರು 0.22 ಇಂಚು ದಪ್ಪದ ಗುಂಡಿನ) ರೈಫಲ್ ಅಮೆರಿಕದಲ್ಲಿ ಮನೆಮಾತು. ಇದರ ಬ್ಯಾರೆಲನ್ನು, ಅಂದರೆ ನಳಿಗೆಯನ್ನು, ಸ್ಕ್ರೂವಿನಂತೆ ಸುತ್ತು ಕೊರೆದು ತಿರುಗಿಸಿ ಕೂರಿಸಿಲ್ಲ. ಒಂದು ವಿ-ಆಕಾರದ ಬ್ಲಾಕು, ಎರಡು ಸ್ಕ್ರೂ ಅದನ್ನು ಹಿಡಿದಿಟ್ಟಿವೆ. ಅಡುಗೆಮನೆಯ ಮೇಜಿನ ಮೇಲೆ ಕೂತು ಬದಲಿಸಬಹುದಾದಷ್ಟು ಸಲೀಸು. ಅದಕ್ಕೇ ಇದರ ಸುತ್ತ ಬಿಡಿಭಾಗಗಳ ದೊಡ್ಡ ವ್ಯಾಪಾರವೇ ಬೆಳೆದಿದೆ.

ಒಂದು ಭಾನುವಾರ ಫೋನ್ ಮಾಡಿದ. "ಬ್ಯಾರೆಲ್ ಬದಲಿಸಿಬಿಡ್ತೀನಿ ಮಾರಾಯ. ಕಣ್ಣಾರೆ ನೋಡಿದೆ." 50 ಮೀಟರಿನಲ್ಲಿ ಮೂಲ ಬ್ಯಾರೆಲ್‌ನಿಂದ ಮೂರು ಈಡು ಹೊಡೆದಿದ್ದ, ತೂತುಗಳು 34 ಮಿ.ಮೀ. ಅಗಲಕ್ಕೆ ಹರಡಿದ್ದವು. ಪಕ್ಕದವನ ದುಬಾರಿ ಬ್ಯಾರೆಲ್ ಹಾಕಿ ಹೊಡೆದಾಗ 20 ಮಿ.ಮೀ. ಎರಡೂ ಕಾಗದದ ಫೋಟೋ ಕಳಿಸಿದ.

ನೋಡಿದರೆ ಯಾರಾದರೂ ಒಪ್ಪಿಬಿಡುವ ಸಾಕ್ಷಿ. ಆದರೆ ಮೂರು ತೂತುಗಳ ಸಾಕ್ಷಿ ಬಹಳ ದುರ್ಬಲ. ಮೂರು ಈಡಿನ ಗುಂಪುಗಳನ್ನು ಒಂದೇ ರೈಫಲ್, ಒಂದೇ ತೋಟಾ, ಒಂದೇ ಕೈಯಿಂದ ಮತ್ತೆ ಮತ್ತೆ ಹೊಡೆದರೂ ಅವುಗಳ ಅಗಲ ಸರಾಸರಿಯಿಂದ ಮೂರನೇ ಒಂದು ಭಾಗಕ್ಕಿಂತ ಹೆಚ್ಚೇ ಆಚೀಚೆ ಆಗುವುದು ಸಹಜ. ಸರಾಸರಿ 27 ಮಿ.ಮೀ. ಇರುವ ರೈಫಲ್ ಬೆಳಿಗ್ಗೆ ಒಂಬತ್ತಕ್ಕೆ 34 ತೋರಿಸಿ ಒಂಬತ್ತೂಕಾಲಿಗೆ 20 ತೋರಿಸಬಹುದು. ನನ್ನ ಗೆಳೆಯ ಕಂಡದ್ದು ಬ್ಯಾರೆಲಿನ ಗುಣವೋ ಆ ಹೊತ್ತಿನ ಅದೃಷ್ಟವೋ ಎಂಬುದನ್ನು ಆ ಆರು ತೂತುಗಳು ಹೇಳಲಾರವು. ಅದೇ ರೈಫಲಿನಿಂದ ಹತ್ತು ಈಡು ಹೊಡೆದರೆ ಗುಂಪು ಸರಾಸರಿ 43 ಮಿ.ಮೀ. ಆಗುತ್ತದೆ. ರೈಫಲ್ ಕೆಟ್ಟಿತೆಂದಲ್ಲ, ದೂರ ಬೀಳುವ ಗುಂಡಿಗೂ ಬೀಳಲು ಅವಕಾಶ ಸಿಕ್ಕಿತೆಂದು.

ಎರಡು ಬ್ಯಾರೆಲ್‌ಗಳ ನಡುವಿನ ಶೇ. 10ರ ವ್ಯತ್ಯಾಸವನ್ನು ನಂಬಿಕೆಯಿಂದ ಹೇಳಬೇಕೆಂದರೆ ಒಂದೊಂದರಿಂದಲೂ ಸುಮಾರು 200 ಈಡು ಹೊಡೆದು, ಪ್ರತಿ ತೂತೂ ಗುಂಪಿನ ನಡುವಿನಿಂದ ಎಷ್ಟು ದೂರವಿದೆ ಎಂದು ಅಳೆಯಬೇಕು. ಲೆಕ್ಕ ಹಾಕಿದಾಗ ನನಗೇ ಬೆರಗಾಯಿತು.

ಇದಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸುವ ಲೆಕ್ಕ ಇನ್ನೊಂದಿದೆ. ಗುಂಡು ಗುರಿ ತಪ್ಪಲು ಹಲವು ಕಾರಣ: ಹೊಡೆಯುವವನ ನಡುಕ, ತೋಟಾದ ಏರುಪೇರು, ರೈಫಲಿನ ಲೋಪ. ಇವು ಸಾಲಾಗಿ ಕೂಡಿಕೊಳ್ಳುವುದಿಲ್ಲ. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯದ ಹಾಗೆ, ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆಯಬೇಕು. ಹೊಡೆಯುವವನ ಪಾಲು 8 ಮಿ.ಮೀ., ತೋಟಾದ್ದು 6, ರೈಫಲಿನದ್ದು 4 ಎಂದಿಟ್ಟುಕೊಳ್ಳಿ. 64, 36, 16 ಕೂಡಿದರೆ 116, ಅದರ ಮೂಲ 10.8. ಈಗ ದುಡ್ಡು ಸುರಿದು ರೈಫಲಿನ ಲೋಪವನ್ನು ಅರ್ಧಕ್ಕಿಳಿಸಿದಿರಿ. ಒಟ್ಟು 10.2ಕ್ಕೆ ಇಳಿಯುತ್ತದೆ. ಬದಲಿಗೆ ತೋಟಾದ ಏರುಪೇರು ಅರ್ಧವಾದರೆ 9.4. ಕೈಯ ನಡುಕ ಅರ್ಧವಾದರೆ 8.2. ಅತಿ ದೊಡ್ಡ ದೋಷ ಹಾಗೇ ಇರುವಾಗ ಸಣ್ಣ ದೋಷವನ್ನು ಎಷ್ಟು ತಿದ್ದಿದರೂ ಕಾಗದದ ಮೇಲೆ ಕಾಣುವುದೇ ಇಲ್ಲ.

ತೋಟಾದ ಪಾಲು ಎಲ್ಲಿಂದ ಬರುತ್ತದೆ? ಪಾಯಿಂಟ್ 22 ತೋಟಾದಲ್ಲಿ ಕಿಡಿ ಹೊತ್ತಿಸುವ ಮದ್ದು ನಡುವಿನಲ್ಲಿಲ್ಲ, ಬುಡದ ಅಂಚಿನ ಸುತ್ತ ಇರುತ್ತದೆ. ಅದು ಎಲ್ಲ ಕಡೆ ಒಂದೇ ಸಮನೆ ಹರಡದಿದ್ದರೆ ಸಿಡಿತದಲ್ಲಿ ಏರುಪೇರು, ಗುಂಡಿನ ವೇಗದಲ್ಲೂ ಏರುಪೇರು. ಸರಾಸರಿ ಸೆಕೆಂಡಿಗೆ 330 ಮೀಟರ್ ವೇಗದಲ್ಲಿ ಹೋಗುವ ಗುಂಡು 50 ಮೀಟರ್ ತಲುಪುವಷ್ಟರಲ್ಲಿ ಗುರುತ್ವದಿಂದ ಸುಮಾರು 11 ಸೆ.ಮೀ. ಕೆಳಗಿಳಿದಿರುತ್ತದೆ. ವೇಗ 320 ಆದರೆ 12 ಸೆ.ಮೀ. ಹೆಚ್ಚುಕಡಿಮೆ 7 ಮಿ.ಮೀ. ವ್ಯತ್ಯಾಸ ಬ್ಯಾರೆಲ್ ಮುಟ್ಟುವ ಮೊದಲೇ ಪೆಟ್ಟಿಗೆಯೊಳಗೆ ಕೂತಿರುತ್ತದೆ. ಸ್ಪರ್ಧೆಯ ತೋಟಾಗಳು ಬಹುತೇಕ ಶಬ್ದದ ವೇಗಕ್ಕಿಂತ ಕೆಳಗೇ ಓಡುತ್ತವೆ. ಶಬ್ದದ ಗಡಿ ದಾಟುವಾಗಿನ ಗಾಳಿಯ ತಳ್ಳಾಟವನ್ನು ತಪ್ಪಿಸಲು ಹಾಗೆ ಮಾಡುತ್ತಾರೆ.

ಕೈಯ ಪಾಲಿಗೆ ಟ್ರಿಗರ್ ಸೇರುತ್ತದೆ, ರೈಫಲಿನ ಪಾಲಿಗಲ್ಲ. ಕಾರ್ಖಾನೆಯ ಟ್ರಿಗರ್ ಎಳೆಯಲು ಸುಮಾರು ಎರಡೂವರೆ ಕಿಲೋ ತೂಕದಷ್ಟು ಬಲ ಬೇಕು. ಆ ರೈಫಲಿನ ತೂಕವೂ ಹತ್ತಿರ ಹತ್ತಿರ ಅಷ್ಟೇ. ಒಂದು ವಸ್ತುವನ್ನು ಅಲುಗದಂತೆ ಹಿಡಿದು, ಅದರ ತೂಕದಷ್ಟೇ ಬಲದಿಂದ ಒಂದು ಬೆರಳಲ್ಲಿ ಎಳೆಯಬೇಕು. ಅದಕ್ಕೇ ಬದಲಿಸಲೇಬೇಕೆಂದರೆ ನನ್ನ ಮೊದಲ ಮತ ಟ್ರಿಗರಿಗೆ. ಆದರೆ ಇಲ್ಲಿ ಅತಿ ಆಸೆ ಅಪಾಯ. ಅರೆ-ಸ್ವಯಂಚಾಲಿತದಲ್ಲಿ ಪ್ರತಿ ಈಡಿಗೂ ಬೋಲ್ಟ್, ಅಂದರೆ ತೋಟಾದ ಹಿಂದೆ ಕೂತಿರುವ ಲೋಹದ ತುಂಡು, ಹಿಂದೆ ಹೋಗಿ ಮುಂದೆ ಬಡಿಯುತ್ತದೆ. ಟ್ರಿಗರಿನ ಕೊಕ್ಕೆ, ಗುಂಡು ಹಾರಿಸಲು ಬಡಿಯುವ ಒಳಗಿನ ಸುತ್ತಿಗೆಯನ್ನು ತೀರಾ ತುದಿಯಲ್ಲಿ ಹಿಡಿದಿದ್ದರೆ ಆ ಬಡಿತಕ್ಕೇ ಜಾರಿ ಬೆರಳಿಲ್ಲದೆ ಗುಂಡು ಹಾರಬಹುದು. ಅರ ಹಿಡಿದು ಮನೆಯಲ್ಲಿ ಉಜ್ಜುವ ಕೆಲಸ ಇದಲ್ಲ. ಬಂದೂಕು ರಿಪೇರಿಯವರ ಕೈಗೇ ಕೊಡಬೇಕು.

"ಮೊದಲು ಇದ್ದದ್ದನ್ನು ಸರಿಯಾಗಿ ಅಳೆ" ಎಂದೆ. ಮುಂದಿನ ಶನಿವಾರ ಮೂಲ ಬ್ಯಾರೆಲಿನಲ್ಲೇ, ಮರಳು ಚೀಲದ ಮೇಲೆ ಒರಗಿಸಿ, ಹತ್ತರಂತೆ ನಾಲ್ಕು ಕಾಗದ ಹೊಡೆದ. ಮೂರನೆಯ ಕಾಗದದಲ್ಲಿ ಏಳು ತೂತು ಒಂದು ಕಡೆ, ಮೂರು ತೂತು ಮೇಲೆ ಬಲಕ್ಕೆ. ನಾಲ್ಕನೆಯದರಲ್ಲಿ ಎಲ್ಲವೂ ಮೇಲೆ ಬಲಕ್ಕೆ. ರೈಫಲ್ ಖಾಲಿ ಮಾಡಿ, ಒಳಗೆ ಬೆರಳಿಟ್ಟು ಖಾತ್ರಿ ಮಾಡಿಕೊಂಡು, ದೂರದರ್ಶಕ ಕೂರಿಸಿದ ಪಟ್ಟಿಯನ್ನು ಅಲುಗಿಸಿ ನೋಡಿದ. ಮುಂದಿನ ಸ್ಕ್ರೂ ಉಗುರಿಗೇ ಕಾಲು ಸುತ್ತು ತಿರುಗಿತು. ಅವನೇ ಕೈಯಾರೆ ಬಿಗಿದಿದ್ದ ಸ್ಕ್ರೂ ಅದು. ಅದನ್ನು ಬಿಚ್ಚಿ, ಎಣ್ಣೆ ಒರೆಸಿ, ಅಂಟು ಹಚ್ಚಿ ಬಿಗಿದ.

ಆಮೇಲೆ ಮೂರು ಬಗೆಯ ತೋಟಾ ತಂದು ಒಂದೊಂದರಿಂದ ಐವತ್ತು ಈಡು ಹೊಡೆದು ಬರೆದಿಟ್ಟ. ಒಂದು ಬಗೆ ಬೋಲ್ಟನ್ನು ಪೂರ್ತಿ ಹಿಂದೆ ತಳ್ಳಲಾರದೆ ಆಗಾಗ ಸಿಕ್ಕಿಕೊಂಡಿತು. ಈ ರೈಫಲಿನಲ್ಲಿ ಬೋಲ್ಟಿಗೆ ಬೀಗವಿಲ್ಲ. ಅದರ ತೂಕ, ಸ್ಪ್ರಿಂಗು, ತೋಟಾದ ಒದೆತ ಮೂರೂ ಹೊಂದಬೇಕು. ಉಳಿದೆರಡರಲ್ಲಿ ಒಂದನ್ನು ಆರಿಸಿಕೊಂಡ. ಟ್ರಿಗರನ್ನು ಮಾತ್ರ ಅಂಗಡಿಯಲ್ಲಿ ಹಾಕಿಸಿದ.

ಮೊನ್ನೆ ಕಳಿಸಿದ ಐದು ಕಾಗದಗಳಲ್ಲಿ ಹತ್ತು ಈಡಿನ ಗುಂಪು ಸರಾಸರಿ 33 ಮಿ.ಮೀ. ಬ್ಯಾರೆಲ್ ಕಾರ್ಖಾನೆಯದ್ದೇ ಇದೆ.